ಆಷಾಢದಲ್ಲೊಂದು ಸಂಗೀತೋತ್ಸವ: ಗೆಳೆಯನಿಗೊಂದು ಪತ್ರ

ದಾವಣಗೆರೆ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ನಮ್ಮ ಪ್ರಯೋಗಶೀಲ ಸಂಗೀತದ ಉತ್ಸವವನ್ನು ಈ ವರ್ಷ ಚಿತ್ರದುರ್ಗದ ಕೋಟೆಯೊಳಗೆ ನಡೆಸೋಣ, ದೊಡ್ಡ ವೇದಿಕೆ ಹಾಕಿಸೋಣ, ಒಬ್ಬ ದೊಡ್ಡ ಪ್ರಾಯೋಜಕರನ್ನು ಹಿಡಿದು ಸಾವಿರಾರು ಜನರನ್ನು ಸೇರಿಸೋಣ ಎಂದು ನೀನು ಬರೆದಿರುವುದನ್ನು ನಿಧಾನವಾಗಿ ಓದಿದೆ. ನಿನ್ನ ಉತ್ಸಾಹಕ್ಕೆ ತಣ್ಣೀರೆರಚುವ ಮನಸ್ಸು ನನಗಿಲ್ಲ. ಆದರೂ ನನ್ನ ಅಭಿಪ್ರಾಯ ನಿನ್ನದಕ್ಕೆ ಪೂರ್ತಿ ವಿರುದ್ಧವಾಗಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಉತ್ಸವವು ದಾವಣಗೆರೆಯಲ್ಲಿಯೇ, ಹಳೆಯ ಹತ್ತಿ ಗೋಡೌನಿನಲ್ಲಿಯೇ, ನೂರು ಜನರಿಗಷ್ಟೇ, ಅದೂ ಆಷಾಢ ಮಾಸದಲ್ಲಿ ನಡೆಯಬೇಕು ಎಂಬುದು ನನ್ನ ವಾದ.

ಕೋಟೆಯ ವಿಷಯವನ್ನು ಮೊದಲು ಮುಗಿಸುತ್ತೇನೆ. ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ಅಲ್ಲಿ ಕಾರ್ಯಕ್ರಮ ಮಾಡಲು ಇಲಾಖೆಯ ಅನುಮತಿ ಬೇಕು ಎಂಬುದು ನಿನಗೆ ಗೊತ್ತೇ ಇದೆ. ಅನುಮತಿ ಸಿಕ್ಕಿತೆಂದೇ ಇಟ್ಟುಕೊಂಡರೂ ನನ್ನ ಆಕ್ಷೇಪ ಉಳಿಯುತ್ತದೆ, ಏಕೆಂದರೆ ಅದು ಕಾಗದಪತ್ರಕ್ಕಲ್ಲ, ಸಂಗೀತಕ್ಕೆ ಸಂಬಂಧಿಸಿದ್ದು. ನಾವು ಕರೆಯುವ ಕಲಾವಿದರಲ್ಲಿ ಒಬ್ಬರು ತಗಡಿನ ತುಂಡಿಗೆ ಪುಟ್ಟ ಮೈಕನ್ನು ಅಂಟಿಸಿ ಅದರ ಮೇಲೆ ಉಗುರಾಡಿಸುತ್ತಾರೆ. ಇನ್ನೊಬ್ಬರು ಉಸಿರಿನ ಸದ್ದನ್ನಷ್ಟೇ ಹಿಡಿದು ಇಪ್ಪತ್ತು ನಿಮಿಷ ಬೆಳೆಸುತ್ತಾರೆ. ಇಂಥ ಸದ್ದುಗಳನ್ನು ಬಯಲಿನಲ್ಲಿ, ಗುಡ್ಡದ ಮೇಲಿನ ಗಾಳಿಯ ನಡುವೆ, ಸಾವಿರ ಜನರ ಗುಸುಗುಸುವಿನೊಳಗೆ ಇಟ್ಟರೆ ಅವುಗಳ ಮೆಲುದನಿಯ ಅರ್ಧಭಾಗ ಕಳೆದೇಹೋಗುತ್ತದೆ. ಕಳೆದುಹೋಗುತ್ತಿದೆ ಎಂದು ತಿಳಿದ ಕಲಾವಿದರು ದನಿಯನ್ನು ಏರಿಸುತ್ತಾರೆ, ಅವರ ನಂತರ ಬರುವವರು ಅದಕ್ಕಿಂತ ಏರಿಸುತ್ತಾರೆ, ಹೀಗೆ ರಾತ್ರಿ ಒಂಬತ್ತರ ಹೊತ್ತಿಗೆ ಎಲ್ಲರ ಸಂಗೀತವೂ ಒಂದೇ ಬಗೆಯ ಗದ್ದಲವಾಗಿ ಕೇಳುತ್ತದೆ. ಕೇಳುಗರ ಸಂಖ್ಯೆ ಸಂಗೀತದ ಸ್ವರೂಪವನ್ನೇ ಬದಲಿಸುತ್ತದೆ ಎಂಬುದನ್ನು ದೊಡ್ಡ ಉತ್ಸವಗಳನ್ನು ನಡೆಸುವವರು ಒಪ್ಪಿಕೊಳ್ಳುವುದು ಅಪರೂಪ.

ಆದ್ದರಿಂದ ಗೋಡೌನು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಈ ಊರಿನಲ್ಲಿ ಗಿರಣಿಗಳ ಸೈರನ್ ನಿಂತುಹೋಯಿತಾದರೂ ಗೋಡೌನುಗಳು ಉಳಿದಿವೆ. ಈಗ ಅವುಗಳಲ್ಲಿ ಹತ್ತಿಗಿಂತ ಮೆಕ್ಕೆಜೋಳವೇ ಹೆಚ್ಚು. ಸುಗ್ಗಿಯ ಮಾಲೆಲ್ಲ ಹೊರಟುಹೋಗಿ ಜೂನ್-ಜುಲೈ ಹೊತ್ತಿಗೆ ಅವು ಖಾಲಿ ಬೀಳುತ್ತವೆ. ಖಾಲಿ ಗೋಡೌನಿನ ದೊಡ್ಡ ತೊಂದರೆಯೆಂದರೆ ಪ್ರತಿಧ್ವನಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಗೋಡೌನಿನ ಉದ್ದ 30 ಮೀಟರ್ ಇದ್ದರೆ ಈ ತುದಿಯಲ್ಲಿ ತಟ್ಟಿದ ಚಪ್ಪಾಳೆ ಆ ಗೋಡೆಗೆ ಬಡಿದು ಹಿಂದಿರುಗಲು ಸೆಕೆಂಡಿನ ಆರನೇ ಒಂದು ಭಾಗದಷ್ಟು ಹೊತ್ತು ಬೇಕು, ಮತ್ತು ನಮ್ಮ ಕಿವಿ ಅಷ್ಟು ತಡವಾಗಿ ಬಂದದ್ದನ್ನು ಬೇರೆಯದೇ ಒಂದು ಸದ್ದೆಂದು ಗುರುತಿಸಿಬಿಡುತ್ತದೆ. ಎದುರುಬದುರಾದ ಬರಿಗೋಡೆಗಳ ನಡುವೆ ಅದೇ ಚಪ್ಪಾಳೆ ಪಟಪಟನೆ ಓಡಾಡುವುದನ್ನು ನೀನೂ ಕೇಳಿದ್ದೀಯೆ. ನಗರದ ಸ್ಟುಡಿಯೋದವರು ಇದಕ್ಕೆ ಬೆಲೆಬಾಳುವ ಫೋಮ್ ಹಲಗೆಗಳನ್ನು ಹೇಳುತ್ತಾರೆ. ನಮಗೆ ಚಳ್ಳಕೆರೆಯ ಕಂಬಳಿ ಇದೆ. ಕುರಿಯ ಉಣ್ಣೆಯ ದಪ್ಪ ಕಂಬಳಿಯನ್ನು ಗೋಡೆಗೆ ಅಂಟಿಸದೆ, ಗೋಡೆಯಿಂದ ಗೇಣುದೂರ ಬಿಟ್ಟು ತೂಗುಹಾಕಿದರೆ ಅದು ಮೇಲಿನ ಮತ್ತು ನಡುವಿನ ದನಿಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಗೋಡೆಗೆ ತಾಗಿದಲ್ಲಿ ಗಾಳಿಯ ಕಣಗಳು ಅಲುಗಾಡುವುದಿಲ್ಲ, ಸ್ವಲ್ಪ ಈಚೆಗೆ ಬಂದಲ್ಲಿ ಅಲುಗಾಡುತ್ತವೆ. ಆ ಅಲುಗಾಟವನ್ನೇ ಉಣ್ಣೆ ತಡೆಯಬೇಕಾದ್ದರಿಂದ ಈ ಗೇಣಿನ ಅಂತರ ಮುಖ್ಯ. ಮಂದ್ರದ ದನಿಗಳಿಗೆ ಕಂಬಳಿ ಸಾಲದು, ಏಕೆಂದರೆ 50 ಹರ್ಟ್ಸ್‌ನ ದನಿಯ ಒಂದು ಅಲೆಯೇ ಏಳು ಮೀಟರಿನ ಹತ್ತಿರ ಇರುತ್ತದೆ. ಅದಕ್ಕೆ ಮೂಲೆಗಳಲ್ಲಿ ಅರಳೆ ತುಂಬಿದ ಗೋಣಿಚೀಲಗಳನ್ನು ಆಳೆತ್ತರ ಒಟ್ಟಬೇಕು. ಅರಳೆ ಎಂದ ಕೂಡಲೇ ಬೆಂಕಿಯ ಮಾತೂ ಬರುತ್ತದೆ. ಚೀಲಗಳ ಹತ್ತಿರ ಒಂದು ತಂತಿಯೂ ಹಾಯಬಾರದು, ಎರಡೂ ಕಡೆಯ ಬಾಗಿಲುಗಳು ಚಿಲಕವಿಲ್ಲದೆ ತೆರೆದಿರಬೇಕು, ಬೆಂಕಿ ಆರಿಸುವ ಸಿಲಿಂಡರುಗಳು ಕಣ್ಣಿಗೆ ಬೀಳುವಲ್ಲಿ ಇರಬೇಕು, ಬೀಡಿ-ಸಿಗರೇಟು ಗೇಟಿನ ಹೊರಗೇ ಉಳಿಯಬೇಕು. ಈ ವಿಷಯದಲ್ಲಿ ನಾನು ಯಾರ ದಾಕ್ಷಿಣ್ಯಕ್ಕೂ ಬೀಳುವುದಿಲ್ಲ.

ವೇದಿಕೆ ಬೇಡ. ನಾಲ್ಕು ಮೂಲೆಗಳಲ್ಲಿ ನಾಲ್ಕು ಸ್ಪೀಕರ್, ನಡುವೆ ಜಮಖಾನದ ಮೇಲೆ ಜನ, ಜನರ ನಡುವೆಯೇ ಕಲಾವಿದರ ಮೇಜು.

ಇನ್ನು ವಿದ್ಯುತ್ತು. ಕಳೆದ ಸಲ ಬಂದ ಕಲಾವಿದರೆಲ್ಲ ದೂರಿದ ಆ ‘ಗುಂಯ್’ ಎಂಬ ಸದ್ದು ಮತ್ತೇನಲ್ಲ, ನಮ್ಮ ಮನೆಗಳಿಗೆ ಬರುವ 50 ಹರ್ಟ್ಸ್‌ನ ವಿದ್ಯುತ್ತೇ ಸ್ಪೀಕರಿನಲ್ಲಿ ಮಾತನಾಡುವುದು. ಲ್ಯಾಪ್‌ಟಾಪ್ ಒಂದು ಪ್ಲಗ್ಗಿನಿಂದ, ಮಿಕ್ಸರ್ ಇನ್ನೊಂದು ಗೋಡೆಯ ಪ್ಲಗ್ಗಿನಿಂದ ಕರೆಂಟು ತೆಗೆದುಕೊಂಡಾಗ ಎರಡರ ಅರ್ಥಿಂಗ್ ನಡುವೆ ಉಂಟಾಗುವ ಸಣ್ಣ ವ್ಯತ್ಯಾಸ ಕೇಬಲ್ಲಿನ ಮೂಲಕ ಹರಿದು ಹೀಗೆ ಕೇಳುತ್ತದೆ. ಆರ್ಕೆಸ್ಟ್ರಾದವರಿಗೆ ಇದು ಲೆಕ್ಕಕ್ಕೇ ಇಲ್ಲ, ಅವರ ಡ್ರಮ್ಮಿನಡಿ ಮುಚ್ಚಿಹೋಗುತ್ತದೆ. ಮೌನವೇ ಬಂಡವಾಳವಾದ ನಮಗೆ ಅದು ಸಾಲದ ಬಡ್ಡಿಯಂತೆ ಇಡೀ ಸಂಜೆ ಬೆನ್ನುಬಿಡುವುದಿಲ್ಲ. ಪರಿಹಾರ ಕಷ್ಟದ್ದಲ್ಲ. ಸೌಂಡಿಗೆ ಸಂಬಂಧಿಸಿದ ಎಲ್ಲವೂ ಒಂದೇ ಬೋರ್ಡಿನಿಂದ, ಒಂದೇ ಅರ್ಥಿಂಗ್‌ನಿಂದ ಬರಬೇಕು. ದೀಪ ಮತ್ತು ಫ್ಯಾನುಗಳಿಗೆ ಬೇರೆ ಫೇಸ್ ಇರಬೇಕು. ಪ್ರತಿ ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ, ಸದ್ದಿನ ಸಂಕೇತವನ್ನಷ್ಟೇ ದಾಟಿಸಿ ಅರ್ಥಿಂಗ್‌ಗಳನ್ನು ಬೇರೆಯಾಗಿಡುವ, ಟ್ರಾನ್ಸ್‌ಫಾರ್ಮರ್ ಇರುವ ಡಿ.ಐ. ಬಾಕ್ಸ್ ಹಾಕಬೇಕು. ಅರ್ಥಿಂಗ್ ಪಿನ್ನನ್ನೇ ಕಿತ್ತು ಗುಂಯ್‌ಗುಡುವುದನ್ನು ನಿಲ್ಲಿಸುವ ಚಾಳಿ ಕೆಲವರಿಗಿದೆ. ಅದು ಜೀವಕ್ಕೆ ಅಪಾಯ, ನಮ್ಮಲ್ಲಿ ಅದಕ್ಕೆ ಅವಕಾಶವಿಲ್ಲ. ಜನರೇಟರನ್ನು ಆದಷ್ಟು ದೂರದಲ್ಲಿ, ಗೋಡೌನಿನ ಬಾಗಿಲಿಗೆ ಬೆನ್ನಾಗುವಂತೆ ನಿಲ್ಲಿಸಬೇಕು.

ನಮ್ಮ ಮೈಕ್ ಸೆಟ್ಟಿನವರನ್ನೇ ಇಟ್ಟುಕೊಳ್ಳೋಣ, ಬೆಂಗಳೂರಿನಿಂದ ಕರೆಸುವುದು ಬೇಡ. ಫೀಡ್‌ಬ್ಯಾಕ್, ಅಂದರೆ ಸ್ಪೀಕರಿನ ದನಿ ಮತ್ತೆ ಮೈಕಿಗೇ ಹೊಕ್ಕು ಎಬ್ಬಿಸುವ ಕೂಗು, ಬಂದ ಕ್ಷಣವೇ ಓಡಿಹೋಗಿ ದನಿ ತಗ್ಗಿಸುವುದು ಅವರ ಕೈಗೆ ಅಂಟಿದ ಅಭ್ಯಾಸ. ಮದುವೆಮನೆಯಲ್ಲಿ ಅದೇ ಧರ್ಮ. ಕಲಾವಿದರು ಬೇಕೆಂದೇ ಫೀಡ್‌ಬ್ಯಾಕನ್ನು ಸ್ವರದಂತೆ ನುಡಿಸುತ್ತಾರೆ ಎಂಬುದನ್ನು ಹಿಂದಿನ ದಿನದ ರಿಹರ್ಸಲಿನಲ್ಲಿ ಒಮ್ಮೆ ಕಣ್ಣಾರೆ ತೋರಿಸಿದರೆ ಸಾಕು. ಮೈಕಿನ ಕೂಗು ಯಾವ ಕೋನದಲ್ಲಿ ಯಾವ ಸ್ವರಕ್ಕೆ ಬರುತ್ತದೆ ಎಂಬುದು ಅವರಿಗೆ ನಮ್ಮ ಅನೇಕ ಕಲಾವಿದರಿಗಿಂತ ಚೆನ್ನಾಗಿ ಗೊತ್ತು.

ಆಷಾಢವೇ ಏಕೆ ಎಂದು ನೀನು ಕೇಳುತ್ತೀಯೆ. ನವೆಂಬರ್ ತಿಂಗಳೆಲ್ಲ ರಾಜ್ಯೋತ್ಸವ, ಬೀದಿಗೊಂದು ಪೆಂಡಾಲು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮಕ್ಕಳ ಪರೀಕ್ಷೆ, ಜಾತ್ರೆ, ಬಿಸಿಲು. ವೈಶಾಖದಲ್ಲಿ ಮದುವೆಗಳು. ಗಣೇಶನ ಹಬ್ಬದಲ್ಲಿ ಒಂದು ಸ್ಪೀಕರ್ ಬಾಡಿಗೆಗೆ ಸಿಕ್ಕರೆ ಅದೇ ಪುಣ್ಯ. ಆಷಾಢದಲ್ಲಿ ಮಾತ್ರ ಶುಭಕಾರ್ಯಗಳಿಲ್ಲದೆ ಮೈಕ್ ಸೆಟ್ಟು, ಜಮಖಾನ, ಅಡುಗೆಯ ಪಾತ್ರೆ, ಅಡುಗೆಯವರು ಎಲ್ಲರೂ ಬಿಡುವಾಗಿರುತ್ತಾರೆ, ಬಾಡಿಗೆಯೂ ಇಳಿದಿರುತ್ತದೆ. ಯಾರಿಗೂ ಬೇಡವಾದ ತಿಂಗಳು ನಮಗೆ ಒಗ್ಗುತ್ತದೆ. ತಗಡಿನ ಮೇಲೆ ಮಳೆ ಬಿದ್ದರೆ ಏನು ಮಾಡುವುದೆಂಬ ಪ್ರಶ್ನೆ ಉಳಿಯುತ್ತದೆ, ನಿಜ. ನಮ್ಮ ಸೀಮೆಯಲ್ಲಿ ಮುಂಗಾರು ಮಲೆನಾಡಿನಂತೆ ಬಿಡದೆ ಸುರಿಯುವುದಿಲ್ಲ. ಸುರಿದರೆ ಅರ್ಧ ಗಂಟೆ ಚಹಾ ಕುಡಿಯೋಣ, ಅಥವಾ ಮಳೆಯೊಡನೆ ನುಡಿಸಲು ಇಷ್ಟಪಡುವ ಕಲಾವಿದರು ನುಡಿಸಲಿ.

ಇದು ನಮ್ಮ ನೆಲದ್ದಲ್ಲ, ವಿದೇಶಿ ಹುಚ್ಚು ಎಂಬ ಟೀಕೆಯ ಬಗ್ಗೆಯೂ ನೀನು ಬರೆದಿದ್ದೀಯೆ. ಅಂಥವರಿಗೆ ಎರಡು ವಿಷಯಗಳನ್ನು ಹೇಳು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿಯೇ, ವಿದ್ಯುತ್ತಿನಿಂದ ದನಿ ಹುಟ್ಟಿಸುವ ಮೂಗ್ ಸಿಂಥೆಸೈಸರ್ ಇದ್ದ ಎಲೆಕ್ಟ್ರಾನಿಕ್ ಸ್ಟುಡಿಯೋ ಆರಂಭವಾಗಿತ್ತು. ಅಮೆರಿಕದ ಸಂಯೋಜಕ ಡೇವಿಡ್ ಟ್ಯೂಡರ್ ಅದನ್ನು ಕಟ್ಟಿಕೊಡಲು ನೆರವಾದರು, ಅಲ್ಲಿ ಕೆಲಸ ಮಾಡಿದವರಲ್ಲಿ ಭಾರತೀಯ ಸಂಯೋಜಕರಿದ್ದರು. ಅದಕ್ಕೂ ಮೊದಲು, 1940ರ ದಶಕದಲ್ಲಿ, ಅಹಮದಾಬಾದಿನ ಸಂಗೀತಗಾರ್ತಿ ಗೀತಾ ಸಾರಾಭಾಯ್ ಅವರು ನ್ಯೂಯಾರ್ಕಿನಲ್ಲಿ ಪ್ರಯೋಗಶೀಲ ಸಂಯೋಜಕ ಜಾನ್ ಕೇಜ್ ಅವರಿಂದ ಪಾಶ್ಚಾತ್ಯ ಸಂಗೀತ ಕಲಿತು, ಪ್ರತಿಯಾಗಿ ಭಾರತೀಯ ಸಂಗೀತದ ತತ್ವವನ್ನು ಅವರಿಗೆ ಕಲಿಸಿದ್ದರು. ಎರಡನೆಯದು ಇನ್ನೂ ಹತ್ತಿರದ್ದು. ಚಿತ್ರದುರ್ಗ ಸೀಮೆಯ ಎರಡು ಮುಖದ ಚರ್ಮವಾದ್ಯ ಉರುಮೆಯನ್ನು ನೆನಪಿಸಿಕೋ. ಒಂದು ಮುಖವನ್ನು ಬಡಿಯುತ್ತ ಇನ್ನೊಂದು ಮುಖದ ಚರ್ಮವನ್ನು ಬಾಗಿದ ಕೋಲಿನಿಂದ ಉಜ್ಜಿದಾಗ ಹೊರಡುವ ಆ ನರಳುವ ದನಿ ಯಾವ ಸ್ವರಪಟ್ಟಿಗೂ ಸೇರದು, ಯಾವ ಸಿಂಥೆಸೈಸರಿಗೂ ಸುಲಭವಾಗಿ ಒಲಿಯದು. ಚರ್ಮವನ್ನು ಉಜ್ಜಿ ದನಿ ತೆಗೆಯುವ ಆ ಪ್ರಯೋಗ ನಮ್ಮ ಗುಡಿಗಳ ಮುಂದೆ ಎಷ್ಟೋ ತಲೆಮಾರುಗಳಿಂದ ನಡೆದೇ ಇದೆ. ಉರುಮೆಯವರನ್ನು ಕರೆಯೋಣ, ಆದರೆ ಅವರ ಹಿಂದೆ ಡ್ರಮ್ ಮಷೀನ್ ಹಚ್ಚಿ ಫ್ಯೂಶನ್ ಎಂದು ಹೆಸರಿಡುವ ಕೆಲಸ ನನಗೆ ಒಪ್ಪಿಗೆಯಿಲ್ಲ. ಅವರಿಗೆ ಪೂರ್ತಿ ನಲವತ್ತು ನಿಮಿಷ ಕೊಡೋಣ, ಬೆಂಗಳೂರಿನ ಲ್ಯಾಪ್‌ಟಾಪ್ ಕಲಾವಿದರಿಗೆ ಕೊಟ್ಟಷ್ಟೇ ಸಂಭಾವನೆ ಕೊಡೋಣ.

ಸಣ್ಣ ಊರಿನಲ್ಲಿ ಇಂಥದ್ದಕ್ಕೆ ಜನ ಬರುತ್ತಾರೆಯೇ ಎಂಬ ನಿನ್ನ ಅನುಮಾನಕ್ಕೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯೇ ಉತ್ತರ. 1997ರಲ್ಲಿ ಅಲ್ಲಿ ಆರಂಭವಾದ ನಾಟಕ ತಂಡ ಶಿವಸಂಚಾರ ಊರೂರು ತಿರುಗಿ ಗಂಭೀರ ನಾಟಕಗಳನ್ನಾಡಿತು. ಪ್ರತಿ ನವೆಂಬರಿನ ಮೊದಲ ವಾರದ ನಾಟಕೋತ್ಸವಕ್ಕೆ ಸುತ್ತಲಿನ ಹಳ್ಳಿಗಳ ಜನ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಬಂದು ಕೂರುತ್ತಾರೆ. ಅಲ್ಲಿ ಕೇಳುಗರನ್ನು ಬೆಳೆಸಿದ್ದು ಪ್ರಚಾರಕ್ಕಿಂತ ಹೆಚ್ಚಾಗಿ ತಪ್ಪದ ನಿಯಮ. ವರ್ಷಕ್ಕೊಂದು ದೊಡ್ಡ ಸಂಜೆಗಿಂತ ಎರಡು ತಿಂಗಳಿಗೊಂದು ಸಣ್ಣ ಕಛೇರಿ, ಉತ್ಸವಕ್ಕೆ ಮೂರು ದಿನ ಎಂಬ ಲೆಕ್ಕವನ್ನು ನಾನು ಬಯಸುವುದು ಇದಕ್ಕಾಗಿಯೇ.

ಹಣದ ಮಾತು. ನೂರು ಆಸನ, ಇನ್ನೂರು ರೂಪಾಯಿ ಟಿಕೆಟ್. ಸಭೆ ತುಂಬಿದರೆ ಸಂಜೆಗೆ 20,000 ರೂಪಾಯಿ. ಸಂಗೀತ ಕಾರ್ಯಕ್ರಮದ ಪ್ರವೇಶ ದರ ತಲೆಗೆ 500 ರೂಪಾಯಿ ಮೀರದಿದ್ದರೆ ಜಿ.ಎಸ್.ಟಿ. ವಿನಾಯಿತಿಯಿದೆ, ಆ ಗೆರೆಯೊಳಗೆ ನಾವು ಆರಾಮವಾಗಿರುತ್ತೇವೆ. ಉಚಿತ ಪ್ರವೇಶ ನನಗೆ ಇಷ್ಟವಿಲ್ಲ: ಬಿಟ್ಟಿ ಬಂದವರು ಬಿಟ್ಟಿಯಾಗಿಯೇ ಎದ್ದು ಹೋಗುತ್ತಾರೆ, ಅವರು ಎದ್ದು ಹೋಗುವ ಚಪ್ಪಲಿಯ ಸದ್ದು ನಮ್ಮ ಸಂಗೀತಕ್ಕೆ ದುಬಾರಿ. ಪಾಸುಗಳೂ ಬೇಡ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಗೇಟಿನಲ್ಲಿ ಟಿಕೆಟ್ ಹರಿಸಿಕೊಂಡು ಒಳಗೆ ಹೋಗುವ ಮರ್ಯಾದೆ ಇಲ್ಲಿನ ಜನಕ್ಕೆ ಹೊಸದಲ್ಲ. ವಿದ್ಯಾರ್ಥಿಗಳಿಗೆ, ಕೂಲಿಯವರಿಗೆ ಬಾಗಿಲಲ್ಲಿ ಒಂದು ಡಬ್ಬಿ ಇಡೋಣ, ಆದಷ್ಟು ಹಾಕಲಿ. ಖರ್ಚು ಕಳೆದು ಉಳಿದದ್ದನ್ನು ಕಲಾವಿದರಿಗೂ ಕೆಲಸಗಾರರಿಗೂ ಹಂಚುವಾಗ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತೇ ನಮ್ಮ ಕರಾರುಪತ್ರವಾಗಲಿ. ಪ್ರಾಯೋಜಕರು ಹಣದ ಜೊತೆಗೆ ಬ್ಯಾನರನ್ನೂ, ಬ್ಯಾನರಿನ ಜೊತೆಗೆ ಭಾಷಣವನ್ನೂ, ಭಾಷಣದ ಜೊತೆಗೆ ಸನ್ಮಾನವನ್ನೂ ತರುತ್ತಾರೆ. ಶಾಲು-ಹಾರಗಳ ಅರ್ಧ ಗಂಟೆಯಲ್ಲಿ ಒಬ್ಬ ಕಲಾವಿದರು ಪೂರ್ತಿ ನುಡಿಸಬಹುದು. ಯಾರಾದರೂ ಊಟ ಕೊಡುತ್ತೇವೆ, ಕಂಬಳಿ ಕೊಡುತ್ತೇವೆ, ಕಲಾವಿದರನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತೇವೆ ಎಂದರೆ ಸಂತೋಷ.

ಅನುಮತಿಗಳ ಕೆಲಸ ನಾನು ನೋಡಿಕೊಳ್ಳುತ್ತೇನೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬೆಲ್ ಮಿತಿ, ರಾತ್ರಿ ಹತ್ತಕ್ಕೆ ಎಲ್ಲ ಬಂದ್. ನಾವು ಐದೂವರೆಗೆ ಶುರುಮಾಡಿ ಒಂಬತ್ತಕ್ಕೆ ಮುಗಿಸಿದರೆ ಹಳ್ಳಿಯವರಿಗೆ ಬಸ್ಸೂ ಸಿಗುತ್ತದೆ. ಹಕ್ಕುಸ್ವಾಮ್ಯದ ಬಗ್ಗೆ ಒಂದೇ ಎಚ್ಚರಿಕೆ: ತಾವು ನುಡಿಸುವುದು ಸ್ವಂತ ರಚನೆಯೇ, ಸಂಗೀತ ರಚನೆಗಳಿಗೆ ರಾಯಧನ ಸಂಗ್ರಹಿಸುವ ಐ.ಪಿ.ಆರ್.ಎಸ್. ಸಂಸ್ಥೆಗೆ ತಾವು ಸದಸ್ಯರೇ ಎಂಬುದನ್ನು ಪ್ರತಿ ಕಲಾವಿದರಿಂದ ಬರೆಸಿಕೋ. ಬಿಡುವಿನಲ್ಲಿ ಸಿನಿಮಾ ಹಾಡು ಹಾಕುವುದು ಬೇಡವೇ ಬೇಡ. ಅದಕ್ಕೆ ಲೈಸೆನ್ಸು ಬೇಕು ಎಂಬುದು ಒಂದು ಕಾರಣ, ಈಗಷ್ಟೇ ಕೇಳಿದ್ದು ಕಿವಿಯಿಂದ ಅಳಿಸಿಹೋಗುತ್ತದೆ ಎಂಬುದು ಇನ್ನೊಂದು.

ದುರ್ಗದ ಆಸೆಯನ್ನು ನೀನು ಪೂರ್ತಿ ಬಿಡಬೇಕಾಗಿಲ್ಲ. ಉತ್ಸವದ ಕೊನೆಯ ಬೆಳಿಗ್ಗೆ ಇಪ್ಪತ್ತು ಜನರ ಗುಂಪನ್ನು ದುರ್ಗದ ಪಕ್ಕದ ಬಂಡೆಗಳ ಕಣಿವೆ ಚಂದ್ರವಳ್ಳಿಗೆ ಕರೆದೊಯ್ಯೋಣ. ಸ್ಪೀಕರಿಲ್ಲ, ಮಾತಿಲ್ಲ, ಕಿವಿಗೊಟ್ಟು ನಡೆಯುವುದಷ್ಟೇ. ಕೆನಡಾದ ಸಂಯೋಜಕ ಮರ್ರೆ ಶೇಫರ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಇಂಥ ನಡಿಗೆಯನ್ನೇ ಒಂದು ಅಭ್ಯಾಸವಾಗಿ ಬೆಳೆಸಿದರು. ಬಂಡೆಗಳ ನಡುವೆ ಸದ್ದು ಹೇಗೆ ತಿರುಗುತ್ತದೆಂದು ಅಲ್ಲಿ ಕೇಳಿದವರಿಗೆ ಗೋಡೌನಿನ ಕಂಬಳಿಗಳ ಅರ್ಥ ತಾನಾಗಿ ಆಗುತ್ತದೆ.

ನೀನು ಒಪ್ಪಿದರೆ ಈ ವಾರದಲ್ಲಿ ಮೂರು ಕೆಲಸ ಮಾಡು. ಬೆಂಗಳೂರಿನ ಕಲಾವಿದರಿಂದ ಯಾರಿಗೆ ಎಷ್ಟು ಪ್ಲಗ್ಗು, ಎಷ್ಟು ಮೇಜು, ಎಷ್ಟು ಡಿ.ಐ. ಬಾಕ್ಸ್ ಬೇಕೆಂದು ಬರೆಸಿ ತರಿಸಿಕೋ. ಅವರ ರೈಲಿನ ಟಿಕೆಟ್ಟನ್ನು ಈಗಲೇ ಮಾಡಿಸು. ವಂದೇ ಭಾರತ್ ಇಲ್ಲಿ ನಿಲ್ಲುತ್ತದಾದರೂ ಅದರ ದರ ನಮ್ಮ ಲೆಕ್ಕಕ್ಕೆ ಹೊರೆ, ಬೇರೆ ಗಾಡಿಗಳನ್ನು ನೋಡು. ಚಳ್ಳಕೆರೆಗೆ ಹೋಗಿ ಬರುವಾಗ ಕಂಬಳಿಗಳನ್ನು ಕೊಳ್ಳದೆ ಒಂದು ವಾರಕ್ಕೆ ಬಾಡಿಗೆಗೆ ಕೊಡುವವರಿದ್ದಾರೆಯೇ ಎಂದು ವಿಚಾರಿಸು. ಅವರು ಹೇಳುವ ದರ ತಿಳಿದ ಮೇಲೆಯೇ ಗೋಡೌನಿನ ಯಜಮಾನರಿಗೆ ಮುಂಗಡ ಕೊಡುತ್ತೇನೆ.

ಇಂತಿ ನಿನ್ನ ಗೆಳೆಯ