ಮೀನಿನದೂ ತಪ್ಪಲ್ಲ, ಹಾಲಿನದೂ ಅಲ್ಲ ಮಾರಾಯ

ಪ್ರೀತಿಯ ಗೆಳೆಯ,

ರಾತ್ರಿ ಹನ್ನೊಂದಕ್ಕೆ ನಿನ್ನ ಮೆಸೇಜ್ ನೋಡಿದೆ. ಮಗಳ ಮೊಣಕಾಲಿನ ಮೇಲೆ ಬಿಳಿ ಮಚ್ಚೆ, ಡಾಕ್ಟರು ವಿಟಿಲಿಗೋ, ಅಂದರೆ ತೊನ್ನು, ಅಂದರು, ಅಮ್ಮ ಮಾತ್ರ ‘ಮೀನು ತಿಂದ ಮೇಲೆ ಮಗೂಗೆ ಹಾಲು ಕೊಟ್ರಿ’ ಅಂತ ಸೊಸೆಯನ್ನು ಹಿಡಿದುಕೊಂಡಿದ್ದಾರೆ. ಫೋನ್ ಮಾಡೋಣ ಅಂದುಕೊಂಡೆ. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ನಿಮಿಷಕ್ಕೆ ಕ್ರಿಕೆಟ್ಟಿಗೆ ಹೋಗಿಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಎಡಗೈ ಬೆರಳು ಬೆಳ್ಳಗಾಗಿ ಹದಿನಾರು ವರ್ಷವಾಯಿತು. ನಾನು ಮೀನು ಮುಟ್ಟಿದವನೇ ಅಲ್ಲ. ಆಗ ನಮ್ಮತ್ತೆ ಕಂಡುಹಿಡಿದ ಅಪರಾಧಿ ಬದನೆಕಾಯಿ! ತೊನ್ನು ಅಂದ ಕೂಡಲೇ ಜನ ಅಡುಗೆಮನೆಗೇ ನುಗ್ಗುತ್ತಾರೆ. ನಿಜವಾದ ಕಥೆ ನಡೆಯುವುದು ರಕ್ತದಲ್ಲಿ, ಚರ್ಮದೊಳಗೆ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತೇವಲ್ಲ, ಅಷ್ಟೇ ಇದು. ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಅನ್ನುವ ಕೋಶಗಳಿವೆ. ವೈರಸ್ ಹೊಕ್ಕ ಕೋಶಗಳನ್ನು ಹುಡುಕಿ ಕೊಲ್ಲಬೇಕಾದ ಟಿ ಕೋಶಗಳು, ಅಂದರೆ ಮೈ ಕಾಯುವ ಒಂದು ಬಗೆಯ ಬಿಳಿ ರಕ್ತಕಣಗಳು, ಇವನ್ನೇ ಕೊಲ್ಲತೊಡಗುತ್ತವೆ. ಬಣ್ಣ ಮಾಡುವವರು ಹೋದ ಜಾಗ ಬೆಳ್ಳಗೆ ಉಳಿಯುತ್ತದೆ. ಮಕ್ಕಳು ಬಿದ್ದು ತರಚಿಕೊಂಡ ಜಾಗದಲ್ಲೇ ಮಚ್ಚೆ ಏಳುವುದುಂಟು. ಮೊಣಕಾಲು ಯಾಕೆ ಅಂತ ಕೇಳಿದ್ದೆಯಲ್ಲ, ಅದೂ ಒಂದು ಕಾರಣವಿರಬಹುದು.

ಹಾಗಾದರೆ ಎಲ್ಲರ ಟಿ ಕೋಶಗಳೂ ಯಾಕೆ ಹೀಗೆ ಮೈಮೇಲೆ ಬೀಳುವುದಿಲ್ಲ? ಈ ಪ್ರಶ್ನೆ ನನ್ನನ್ನು ತುಂಬ ವರ್ಷ ಕಾಡಿದೆ. ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಪುಟ್ಟ ಅಂಗವಿದೆ. ಟಿ ಕೋಶಗಳು ಬಲಿಯುವುದು ಅಲ್ಲೇ. ಅಲ್ಲಿಗೆ ಬಂದವುಗಳಲ್ಲಿ ನೂರಕ್ಕೆ 95ಕ್ಕೂ ಜಾಸ್ತಿ ಹೊರಗೆ ಬರುವುದೇ ಇಲ್ಲ, ಅಲ್ಲೇ ಸಾಯುತ್ತವೆ. ಹೆಚ್ಚಿನವು ಕೆಲಸಕ್ಕೆ ಬಾರದವು. ಇನ್ನು ಕೆಲವು ಸ್ವಂತ ದೇಹದ ಮೇಲೇ ಕಣ್ಣು ಹಾಕಿದವು. ಇಷ್ಟು ಸೋಸಿದರೂ ಕೆಲವು ತುಂಟರು ನುಸುಳಿಕೊಂಡು ಬರುತ್ತಾರೆ. ನಿನ್ನಲ್ಲೂ ಇದ್ದಾರೆ, ನನ್ನಲ್ಲೂ ಇದ್ದಾರೆ.

ಅವರನ್ನು ಹೊರಗೆ ತಡೆಯುವವರು ಯಾರು ಅಂತ ಹಟ ಹಿಡಿದು ಹುಡುಕಿದವರು ಜಪಾನಿನ ಶಿಮೊನ್ ಸಕಗುಚಿ. ಹುಟ್ಟಿ ಮೂರು ದಿನವಾದ ಇಲಿಮರಿಗಳ ಥೈಮಸ್ ತೆಗೆದರೆ ಅವುಗಳ ದೇಹ ತನ್ನ ಅಂಗಗಳ ಮೇಲೆಯೇ ತಿರುಗಿ ಬೀಳುತ್ತಿತ್ತು. ಆರೋಗ್ಯವಾಗಿರುವ ಇಲಿಯ ಟಿ ಕೋಶಗಳನ್ನು ಚುಚ್ಚಿದರೆ ಆ ಜಗಳ ನಿಲ್ಲುತ್ತಿತ್ತು. ಅಂದರೆ ಟಿ ಕೋಶಗಳಲ್ಲೇ ಜಗಳ ಬಿಡಿಸುವ ಒಂದು ಗುಂಪಿದೆ ಅಂತಾಯಿತು. ಆ ಕಾಲಕ್ಕೆ ಈ ಮಾತು ಆಡಿದರೆ ವಿಜ್ಞಾನಿಗಳು ಮುಖ ತಿರುಗಿಸುತ್ತಿದ್ದರು, ಯಾಕೆಂದರೆ ಇಂಥದ್ದೇ ಹಳೆಯ ಸಿದ್ಧಾಂತವೊಂದು ಆಗಲೇ ಬಿದ್ದುಹೋಗಿತ್ತು. ಸಕಗುಚಿ ಬಿಡಲಿಲ್ಲ. 1995ರಲ್ಲಿ ಆ ಗುಂಪಿನ ಗುರುತು ಹಿಡಿದು ತೋರಿಸಿದರು. ಇಂದು ಅವಕ್ಕೆ ರೆಗ್ಯುಲೇಟರಿ ಟಿ ಕೋಶ ಅನ್ನುತ್ತಾರೆ.

ಇನ್ನೊಂದು ಕಡೆಯಿಂದ ಬಂದ ಕಥೆ ನನಗೆ ಇನ್ನೂ ಇಷ್ಟ. 1940ರ ದಶಕದಲ್ಲಿ ಅಮೆರಿಕದ ಟೆನೆಸಿಯ ಓಕ್ ರಿಡ್ಜ್ ಲ್ಯಾಬಿನಲ್ಲಿ ಕೆಲವು ಗಂಡು ಇಲಿಮರಿಗಳು ಹೊಟ್ಟು ಏಳುವ ಚರ್ಮದೊಂದಿಗೆ ಹುಟ್ಟಿ ಕೆಲವೇ ವಾರದಲ್ಲಿ ಸಾಯುತ್ತಿದ್ದವು. ದಶಕಗಳ ನಂತರ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಆ ಇಲಿಗಳ ಎಕ್ಸ್ ಕ್ರೋಮೋಸೋಮಿನಲ್ಲಿ ಜಾಲಾಡಿದರು. ಕೊನೆಗೆ ಇಪ್ಪತ್ತು ಜೀನ್ ಉಳಿದವು. ಒಂದೊಂದಾಗಿ ನೋಡುತ್ತಾ ಹೋದರೆ ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ! ನಮ್ಮ ಬೀಗದ ಕೈ ಗೊಂಚಲಿನ ಹಾಗೇ, ಅಲ್ವಾ? ಅದೇ ಫಾಕ್ಸ್‌ಪಿ3. ಅದೇ ಜೀನ್ ಕೆಟ್ಟ ಗಂಡುಮಕ್ಕಳಿಗೆ ಐಪೆಕ್ಸ್ ಅನ್ನುವ ಕಾಯಿಲೆ ಬರುತ್ತದೆ ಅಂತ 2001ರಲ್ಲಿ ಗೊತ್ತಾಯಿತು. ಹಸುಗೂಸಿಗೇ ಸಕ್ಕರೆ ಕಾಯಿಲೆ, ನಿಲ್ಲದ ಭೇದಿ, ಮೈತುಂಬ ಇಸುಬು. ಜಗಳ ಬಿಡಿಸುವ ಕೋಶಗಳು ತಯಾರಾಗುವುದೇ ಈ ಜೀನಿನಿಂದ ಅಂತ ಎರಡು ವರ್ಷದ ನಂತರ ತಿಳಿಯಿತು. 2025ರ ನೊಬೆಲ್ ಮೂವರಿಗೂ ಬಂತು. ರಾಮ್ಸ್‌ಡೆಲ್ ಫೋನು ಬಂದ್ ಮಾಡಿ ಬೆಟ್ಟ ಸುತ್ತುತ್ತಿದ್ದರಂತೆ. ಹೆಂಡತಿ ಸುದ್ದಿ ಓದಿ ಕಿರುಚಿದಾಗ ಕರಡಿ ಬಂತೇನೋ ಅಂದುಕೊಂಡರಂತೆ.

ಈ ರೆಗ್ಯುಲೇಟರಿ ಕೋಶಗಳು ಮಾಡುವುದೇನು ಗೊತ್ತಾ? ಬೇರೆ ಟಿ ಕೋಶಗಳ ಸಂಖ್ಯೆ ಹೆಚ್ಚಲು ಬೇಕಾದ ಐಎಲ್-2 ಅನ್ನುವ ರಸವನ್ನು ತಾವೇ ಹೀರಿಬಿಡುತ್ತವೆ. ಶಾಂತವಾಗು ಅನ್ನುವ ರಾಸಾಯನಿಕಗಳನ್ನು ಬಿಡುತ್ತವೆ. ವಿಟಿಲಿಗೋ ಇರುವವರಲ್ಲಿ ಈ ಕಾವಲು ಸಡಿಲವಾಗಿರುವುದು ಕಂಡುಬಂದಿದೆ.

ಈಗ ನಿನ್ನ ಎರಡನೇ ಪ್ರಶ್ನೆ. ಪಕ್ಕದ ಮನೆಯವರು ಕೊಟ್ಟ ‘ಇಮ್ಯುನಿಟಿ ಬೂಸ್ಟರ್’ ಪುಡಿ. ಬೇಡ ಮಾರಾಯ. ಕೊರೊನಾ ಬಂದ ಮೇಲೆ ನಮಗೆಲ್ಲ ರೋಗನಿರೋಧಕ ಶಕ್ತಿ ಅಂದರೆ ಬ್ಯಾಂಕ್ ಬ್ಯಾಲೆನ್ಸ್ ಇದ್ದ ಹಾಗೆ, ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನುವ ಭ್ರಮೆ. ಮಗುವಿಗೆ ಶಕ್ತಿ ಕಡಿಮೆಯಾಗಿ ಇದು ಬಂದಿಲ್ಲ. ಇದಕ್ಕೊಂದು ವಿಚಿತ್ರ ಸಾಕ್ಷಿ ಇದೆ. ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರಿಗೆ ಟಿ ಕೋಶಗಳ ಬ್ರೇಕ್ ತೆಗೆಯುವ ಔಷಧಿ ಕೊಡುತ್ತಾರೆ. ಆಗ ಕೆಲವರ ಮೈಮೇಲೆ ಬಿಳಿ ಮಚ್ಚೆ ಏಳುತ್ತದೆ. ಡಾಕ್ಟರು ಬೇಜಾರಾಗುವುದಿಲ್ಲ. ಮಚ್ಚೆ ಎದ್ದವರಲ್ಲಿ ಔಷಧಿ ಹೆಚ್ಚಾಗಿ ಚೆನ್ನಾಗಿ ಕೆಲಸ ಮಾಡುತ್ತಿರುತ್ತದೆ. ಅಲ್ಲಿ ವರವಾದದ್ದು ನಿನ್ನ ಮಗಳ ಮೊಣಕಾಲಿನಲ್ಲಿ ಕಾಟ, ಅಷ್ಟೇ ವ್ಯತ್ಯಾಸ.

ಡಾಕ್ಟರು ಕೊಟ್ಟ ಮುಲಾಮು ಆ ಟಿ ಕೋಶಗಳನ್ನು ತಣಿಸಲಿಕ್ಕೇ ಇರುವುದು. ಬಿಡದೆ ಹಚ್ಚಿ. ತಿಂಗಳುಗಟ್ಟಲೆ ಬೇಕಾಗುತ್ತದೆ, ಎರಡನೇ ವಾರಕ್ಕೆ ಡಾಕ್ಟರನ್ನು ಬದಲಾಯಿಸಬೇಡ. ನಾನು ಆ ತಪ್ಪು ಮೂರು ಸಲ ಮಾಡಿದ್ದೇನೆ. ರೆಗ್ಯುಲೇಟರಿ ಕೋಶಗಳನ್ನೇ ಬೆಳೆಸಿ ಕೊಡುವ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿದೆ, ಯಾರಾದರೂ ಅದರ ಹೆಸರಲ್ಲಿ ದುಡ್ಡು ಕೇಳಿದರೆ ಎದ್ದು ಬಾ. ಇದು ಅಂಟುವುದಿಲ್ಲ ಅಂತ ಶಾಲೆಯ ಟೀಚರಿಗೆ ನೀನೇ ಹೋಗಿ ಹೇಳು.

ಮುಂದಿನ ಭಾನುವಾರ ಬರುತ್ತೇನೆ. ಮಗಳಿಗೆ ನನ್ನ ಬೆರಳು ತೋರಿಸುತ್ತೇನೆ, ಇಬ್ಬರಲ್ಲಿ ಯಾರ ಮಚ್ಚೆ ದೊಡ್ಡದು ಅಂತ ಅಳೆಯುತ್ತೇವೆ. ಅಮ್ಮನಿಗೆ ಬಂಗುಡೆ ಸಾರು ಮಾಡಲು ಹೇಳು, ನೀವೆಲ್ಲ ತಿನ್ನಿ. ಪಕ್ಕದಲ್ಲೇ ಕೂತು ನಾನು ಎರಡು ಲೋಟ ಹಾಲು ಕುಡಿಯುತ್ತೇನೆ.

ನಿನ್ನ,
ಬಿಳಿ ಬೆರಳಿನ ಗೆಳೆಯ