ಕಾರಿನ ಬಾಗಿಲು ಕಿರುಗುಟ್ಟಿದರೆ ಎಣ್ಣೆ ಹಚ್ಚಬೇಡಿ

ಸಂಪಾದಕರೇ, ನಮಸ್ಕಾರ.

ನಮ್ಮ ತಿಪಟೂರಿನಲ್ಲಿ ಏನೇ ಕಿರುಗುಟ್ಟಿದರೂ ಮೊದಲು ಕೈ ಹೋಗುವುದು ಕೊಬ್ಬರಿ ಎಣ್ಣೆ ಬಾಟಲಿಗೆ. ಬೀರುವಿನ ಬಾಗಿಲು, ಗೇಟಿನ ಕೀಲು, ತೊಟ್ಟಿಲ ಕೊಂಡಿ, ಎಲ್ಲಕ್ಕೂ ಅದೇ. ಕೊಬ್ಬರಿ ಊರು ಅಲ್ವಾ, ಅಭ್ಯಾಸ ಹಾಗೇ ಬಂದುಬಿಟ್ಟಿದೆ. ಅದೇ ಅಭ್ಯಾಸದಲ್ಲಿ ನಾನು ಕಾರಿನ ಬಾಗಿಲಿನ ರಬ್ಬರಿಗೂ ಎಣ್ಣೆ ಹಚ್ಚಿದೆ. ಅದು ತಪ್ಪು. ಇದೇ ತಪ್ಪು ನಮ್ಮ ಕಡೆ ಮನೆಗಳಲ್ಲೂ ನಡೆಯುತ್ತಿದೆ, ವಾಟರ್ ಸರ್ವಿಸ್ ಮಾಡುವ ಕಡೆಯೂ ನಡೆಯುತ್ತಿದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮದು ಎಂಟು ವರ್ಷದ ಕಾರು. ತಿಂಗಳಿಗೆ ಎರಡು ಸಲ ಅಮ್ಮನನ್ನು ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ ದಾಟಿ ಹೋಗುವ ಹೆದ್ದಾರಿ. ಅಗಲ ಮಾಡುವ ಕೆಲಸ ನಡೆದ ವರ್ಷಗಳಲ್ಲಿ ಆ ದಾರಿಯಲ್ಲಿ ಓಡಾಡಿದವರಿಗೆ ಧೂಳು ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಆ ದಿನಗಳಲ್ಲೇ ಶಬ್ದ ಶುರುವಾಯಿತು. ಹಂಪ್ ಹತ್ತಿಸಿದರೆ ಕೀಂಯ್, ಇಳಿಸಿದರೆ ಕೀಂಯ್. ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ಮೇಲಿದ್ದರಂತೂ ಇನ್ನೂ ಜಾಸ್ತಿ.

ಗ್ಯಾರೇಜಿನಲ್ಲಿ ತೋರಿಸಿದೆ. ಸಸ್ಪೆನ್ಷನ್, ಅಂದರೆ ಚಕ್ರದ ಕುಲುಕು ತಡೆಯುವ ಅಡಿಯ ಭಾಗ, ಹೋಗಿದೆ ಅಂದರು. ಲಿಂಕ್ ರಾಡ್ ಬದಲಾಯಿಸಿದರು, ಬುಷ್ ಬದಲಾಯಿಸಿದರು, 4,200 ರೂಪಾಯಿ ಆಯಿತು. ಕಾರು ಗ್ಯಾರೇಜಿನ ಗೇಟು ದಾಟುವಾಗಲೇ ಮತ್ತೆ ಕೀಂಯ್ ಅಂತು. ಅವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಹಂಪಿನ ಮೇಲೆ ಶಬ್ದ ಬಂದರೆ ಎಲ್ಲರೂ ಮೊದಲು ನೋಡುವುದು ಕೆಳಗೇ.

ಸರಿಯಾದ ಜಾಗ ತೋರಿಸಿದ್ದು ಅಮ್ಮ. ಹಿಂದಿನ ಸೀಟಿನಲ್ಲಿ ಬಾಗಿಲಿಗೆ ಒರಗಿ ಕೂತಿದ್ದರು. "ಕೆಳಗಲ್ಲ ಕಣೋ, ನನ್ನ ಕಿವಿ ಪಕ್ಕದಲ್ಲೇ ಅರಚ್ತಾ ಇದೆ" ಅಂದರು. ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಮಳೆ ಬಂದ ದಿನ ಈ ಶಬ್ದ ಇರುತ್ತಿರಲಿಲ್ಲ. ಕಾರು ತೊಳೆದ ದಿನವೂ ಇರುತ್ತಿರಲಿಲ್ಲ. ಒಣಗಿದ ಮೇಲೆ ಮತ್ತೆ ಶುರು.

ಇಲ್ಲೇ ಗುಟ್ಟು ಇರುವುದು. ಕಾರಿನ ಬಾಡಿ ನಮಗೆ ಗಟ್ಟಿ ಪೆಟ್ಟಿಗೆಯ ಹಾಗೆ ಕಾಣುತ್ತದೆ, ಆದರೆ ಒಂದು ಚಕ್ರ ಮೇಲೆದ್ದಾಗ ಅದು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಬಾಗಿಲು ಕೂರುವ ಚೌಕಟ್ಟು ಸ್ವಲ್ಪ ಸೊಟ್ಟಗಾಗುತ್ತದೆ. ಬಾಗಿಲಿಗೂ ಬಾಡಿಗೂ ಮಧ್ಯೆ ಒತ್ತಿಕೊಂಡಿರುವ ರಬ್ಬರು, ಮೆಕ್ಯಾನಿಕ್‌ಗಳು ಬೀಡಿಂಗ್ ಅನ್ನುತ್ತಾರಲ್ಲ ಅದು, ಪೇಂಟಿನ ಮೇಲೆ ಉಜ್ಜುತ್ತದೆ. ರಬ್ಬರು ಮೆತ್ತಗೆ ನುಣ್ಣಗೆ ಇದ್ದರೆ ಸುಮ್ನೆ ಜಾರುತ್ತದೆ. ಒಣಗಿ ಮೇಲೆ ಧೂಳು ಕೂತಿದ್ದರೆ ಒಂದು ಕ್ಷಣ ಅಂಟುತ್ತದೆ, ಆಮೇಲೆ ಜಾರುತ್ತದೆ, ಮತ್ತೆ ಅಂಟುತ್ತದೆ. ಇದು ಸೆಕೆಂಡಿಗೆ ನೂರಾರು ಸಲ ಆದಾಗ ಬರುವ ಶಬ್ದವೇ ಆ ಕೀಂಯ್. ಊದಿದ ಬಲೂನಿನ ಮೇಲೆ ಬೆರಳು ಉಜ್ಜಿ ನೋಡಿ, ಗೊತ್ತಾಗುತ್ತದೆ. ಅದೇ ಬೆರಳು ಸೋಪಿನ ನೀರಲ್ಲಿ ಅದ್ದಿ ಉಜ್ಜಿದರೆ ಶಬ್ದವೇ ಇಲ್ಲ.

ಹಾಗಾಗಿ ಗ್ಯಾರೇಜಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ತೆಳ್ಳಗಿನ ಬಟ್ಟೆಯನ್ನು ರಬ್ಬರಿನ ಮೇಲೆ ಇಳಿಬಿಟ್ಟು ಬಾಗಿಲು ಹಾಕಿ. ಅದೇ ಹಂಪಿನ ಮೇಲೆ ನಿಧಾನವಾಗಿ ಹತ್ತಿಸಿ. ಒಂದೊಂದೇ ಬಾಗಿಲಿಗೆ ಹೀಗೆ ಮಾಡುತ್ತಾ ಹೋಗಿ. ಯಾವ ಬಾಗಿಲಿಗೆ ಬಟ್ಟೆ ಇಟ್ಟಾಗ ಶಬ್ದ ನಿಂತಿತೋ ಅದೇ ಕಳ್ಳ ಬಾಗಿಲು. ನಾಲ್ಕೂ ಬಾಗಿಲು ಸುಮ್ಮನಿದ್ದು ಹಿಂದಿನಿಂದ ಕೇಳಿಸಿದರೆ ಡಿಕ್ಕಿ ಬಾಗಿಲಿನ ರಬ್ಬರು ನೋಡಿ. ನಾನು ಇದನ್ನು ಮೊದಲೇ ಮಾಡಿದ್ದರೆ 4,200 ರೂಪಾಯಿ ಉಳಿಯುತ್ತಿತ್ತು.

ಈಗ ಎಣ್ಣೆಯ ವಿಷಯ. ಕೊಬ್ಬರಿ ಎಣ್ಣೆ ಹಚ್ಚಿದ ಮೊದಲ ವಾರ ಕಾರು ಒಂದು ಮಾತೂ ಆಡಲಿಲ್ಲ. ಖುಷಿಯಾಯಿತು. ಎರಡನೇ ವಾರಕ್ಕೆ ರಸ್ತೆಯ ಧೂಳೆಲ್ಲ ಅದಕ್ಕೆ ಅಂಟಿಕೊಂಡು ಕೆಂಪು ಕೆಸರಿನ ಹಾಗಾಯಿತು. ಅಮ್ಮನ ಸೀರೆಗೆ ಕಲೆ. ಆಮೇಲೆ ಚಳಿಗಾಲ ಬಂತು. ಡಿಸೆಂಬರ್ ಬೆಳಿಗ್ಗೆ ಎಣ್ಣೆ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿಕೊಳ್ಳುವ ಮನೆಗಳು ನಮ್ಮವು. 24 ಡಿಗ್ರಿಗಿಂತ ಕೆಳಗೆ ಹೋದರೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಬೀಡಿಂಗ್ ಮೇಲೂ ಹಾಗೇ ಬೆಳ್ಳಗೆ ಹೆಪ್ಪುಗಟ್ಟಿತ್ತು. ಧೂಳು ಸೇರಿದ ಆ ಹೆಪ್ಪು ಪೇಂಟಿನ ಮೇಲೆ ಉಜ್ಜಿ ಉಜ್ಜಿ ಬಾಗಿಲ ಅಂಚಿನಲ್ಲಿ ಸಣ್ಣ ಗೀರುಗಳು ಬಿದ್ದಿವೆ. ಅವು ಈಗಲೂ ಹೋಗಿಲ್ಲ. ಇನ್ನೊಂದು ಮಾತು. ಕೊಬ್ಬರಿ ಚೂರು ಸಿಕ್ಕಿಸಿ ಇಲಿ ಹಿಡಿಯುವವರು ನಾವು. ರಾತ್ರಿ ಹೊರಗೆ ನಿಲ್ಲುವ ಕಾರಿನ ಬಾಗಿಲಿಗೆ ಅದೇ ವಾಸನೆ ಹಚ್ಚಿಡುವುದು ಬೇಡ.

ಕೊಬ್ಬರಿ ಎಣ್ಣೆಗಿಂತ ದೊಡ್ಡ ಕೇಡು ಡೀಸೆಲ್, ಎಂಜಿನ್ ಆಯಿಲ್, ಗ್ರೀಸ್. ಕಾರಿನ ಬಾಗಿಲಿಗೆ ಸಾಮಾನ್ಯವಾಗಿ ಹಾಕುವುದು ಇ.ಪಿ.ಡಿ.ಎಂ. ಅನ್ನುವ ಜಾತಿಯ ರಬ್ಬರು. ಇದು ಬಿಸಿಲು ತಡೆಯುತ್ತದೆ, ಮಳೆ ತಡೆಯುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್ ಇದಕ್ಕೆ ಆಗುವುದಿಲ್ಲ. ಅವುಗಳನ್ನು ಹೀರಿಕೊಂಡು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಆಕಾರ ಕೆಡುತ್ತದೆ. ಊದಿದ ಬೀಡಿಂಗ್ ಬಾಗಿಲನ್ನು ಸರಿಯಾಗಿ ಹಾಕಲು ಬಿಡುವುದಿಲ್ಲ, ಅದಕ್ಕೆ ನಾವು ಬಾಗಿಲನ್ನು ಇನ್ನೂ ಜೋರಾಗಿ ಬಡಿಯುತ್ತೇವೆ. ವಾಟರ್ ಸರ್ವಿಸ್ ಮಾಡುವ ಕೆಲವು ಕಡೆ ತೊಳೆದ ಮೇಲೆ ಡೀಸೆಲ್ ಬೆರೆಸಿದ ಆಯಿಲನ್ನು ಅಡಿಗೆಲ್ಲ ಸ್ಪ್ರೇ ಮಾಡುತ್ತಾರೆ, ಉಳಿದ ಬಟ್ಟೆಯಲ್ಲಿ ಬಾಗಿಲಿನ ರಬ್ಬರನ್ನೂ ಒಂದು ಸುತ್ತು ಒರೆಸಿಬಿಡುತ್ತಾರೆ, ಕಪ್ಪಗೆ ಮಿರಿಮಿರಿ ಮಿಂಚುತ್ತದೆ, ನಾವೂ ಖುಷಿಯಾಗಿ ಮೇಲೆ ಇಪ್ಪತ್ತು ರೂಪಾಯಿ ಕೊಟ್ಟು ಬರುತ್ತೇವೆ. ದಯವಿಟ್ಟು ಬೇಡ ಅನ್ನಿ.

ಡಬ್ಲ್ಯೂಡಿ-40 ಅನ್ನುವ ಸ್ಪ್ರೇ ಹೊಡೆಯುವವರೂ ಇದ್ದಾರೆ. ಅದು ಒಳ್ಳೆಯ ಸಾಮಾನು, ನಮ್ಮ ಮನೆಯಲ್ಲೂ ಇದೆ. ಆದರೆ ಅದು 1953ರಲ್ಲಿ ಹುಟ್ಟಿದ್ದೇ ಲೋಹದಿಂದ ನೀರು ಓಡಿಸಿ ತುಕ್ಕು ತಡೆಯಲು. ಹೆಸರಿನ ಅರ್ಥವೂ ನೀರು ಓಡಿಸುವ 40ನೇ ಪ್ರಯತ್ನ ಅಂತ. ತುಕ್ಕು ಹಿಡಿದ ಬೋಲ್ಟಿಗೆ ಹಾಕಿ, ಬೀಡಿಂಗಿಗೆ ಬೇಡ. ಅದೂ ಪೆಟ್ರೋಲಿಯಂ ಎಣ್ಣೆಯದೇ. ರಬ್ಬರಿಗೆ ಬೇಕಾದ ಸಿಲಿಕೋನ್ ಸ್ಪ್ರೇಯನ್ನು ಅದೇ ಕಂಪನಿ ಬೇರೆ ಡಬ್ಬಿಯಲ್ಲಿ ಮಾರುತ್ತದೆ.

ಹೌದು, ಬೇಕಾದದ್ದು ಸಿಲಿಕೋನ್. ಸಿಲಿಕೋನ್ ಎಣ್ಣೆ ಈ ರಬ್ಬರನ್ನು ಊದಿಸುವುದಿಲ್ಲ, ಬಿಸಿಲಿಗೆ ಆರುವುದಿಲ್ಲ, ಚಳಿಗೆ ಗಟ್ಟಿಯಾಗುವುದಿಲ್ಲ, ಒಂದೆರಡು ಮಳೆಗೆ ತೊಳೆದೂ ಹೋಗುವುದಿಲ್ಲ. ನಾನು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ 350 ರೂಪಾಯಿ ಕೊಟ್ಟು ಒಂದು ಡಬ್ಬಿ ತಂದೆ. ವರ್ಷವಾದರೂ ಮುಗಿದಿಲ್ಲ. ಕೊಳ್ಳುವಾಗ ಒಂದು ಎಚ್ಚರ ಇರಲಿ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬರೀ ಸಿಲಿಕೋನ್ ಕೊಡಿ ಅಂದರೆ ಕಿಟಕಿ, ಸಿಂಕ್ ಅಂಟಿಸುವ ಸೀಲೆಂಟ್ ಟ್ಯೂಬ್ ಕೊಡುತ್ತಾರೆ. ಅದು ಅಂಟು. ಬಾಗಿಲಿಗೆ ಹಚ್ಚಿದರೆ ಬಾಗಿಲೇ ಅಂಟಿಕೊಳ್ಳುತ್ತದೆ. ಸಿಲಿಕೋನ್ ಲೂಬ್ರಿಕೆಂಟ್ ಸ್ಪ್ರೇ ಅಂತಲೇ ಕೇಳಿ, ರಬ್ಬರಿಗೆ ಹಾಕಬಹುದು ಅಂತ ಡಬ್ಬಿಯ ಮೇಲೆ ಇದೆಯಾ ನೋಡಿಕೊಳ್ಳಿ.

ಹಚ್ಚುವುದಕ್ಕಿಂತ ಮೊದಲಿನ ಕೆಲಸವೇ ಮುಖ್ಯ. ರಬ್ಬರನ್ನು ಚೆನ್ನಾಗಿ ತೊಳೆಯಬೇಕು. ಅರ್ಧ ಮಗ್ ನೀರಿಗೆ ಸ್ವಲ್ಪ ಕಾರ್ ಶಾಂಪೂ ಹಾಕಿ, ಮೆತ್ತಗಿನ ಬಟ್ಟೆ ಅದ್ದಿ, ಬೀಡಿಂಗಿನ ಮಡಿಕೆಗಳ ಒಳಗೆ ಬೆರಳು ತೂರಿಸಿ ಒರೆಸಿ. ಬಟ್ಟೆ ಕಪ್ಪಗಾಗುತ್ತಲೇ ಇರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ, ಕಪ್ಪು ನಿಲ್ಲುವವರೆಗೂ ಒರೆಸಿ. ರಬ್ಬರು ಒತ್ತಿಕೊಳ್ಳುವ ಎದುರಿನ ಪೇಂಟಿನ ಭಾಗವನ್ನೂ ಒರೆಸಬೇಕು. ಇದನ್ನು ಬಹಳ ಜನ ಮರೆಯುತ್ತಾರೆ, ಧೂಳು ಅರ್ಧ ಅಲ್ಲೇ ಇರುತ್ತದೆ. ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ. ಪೂರ್ತಿ ಒಣಗಿದ ಮೇಲೆ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಆ ಬಟ್ಟೆಯಿಂದ ತೆಳ್ಳಗೆ ಹಚ್ಚಿ. ನೇರವಾಗಿ ಬಾಗಿಲಿಗೆ ಹೊಡೆದರೆ ಗಾಜಿಗೆ, ಸೀಟಿಗೆ, ಪೆಡಲಿಗೆ ಎಲ್ಲ ಹಾರುತ್ತದೆ. ಪೆಡಲಿನ ಮೇಲೆ ಬಿದ್ದರೆ ಕಾಲು ಜಾರುತ್ತದೆ, ಮುಂದಿನ ಗಾಜಿನ ಮೇಲೆ ಬಿದ್ದರೆ ಮಳೆಯಲ್ಲಿ ಮಸುಕು ಮಸುಕಾಗಿ ಕಾಣುತ್ತದೆ. ಐದು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿಬಿಡಿ. ಕೈಗೆ ಜಿಡ್ಡು ಅಂಟಿದರೆ ಜಾಸ್ತಿ ಹಾಕಿದ್ದೀರಿ ಅಂತಲೇ ಅರ್ಥ. ಸ್ಪ್ರೇ ಬೆಂಕಿ ಹಿಡಿಯುವಂಥದ್ದು, ಬಯಲಲ್ಲಿ ಮಾಡಿ, ಹತ್ತಿರ ಬೀಡಿ ಸಿಗರೇಟು ಬೇಡ. ಕಾರಿಗೆ ಪೇಂಟ್ ಮಾಡಿಸುವುದಿದ್ದರೆ ಮುಗಿಯುವವರೆಗೂ ಸಿಲಿಕೋನ್ ಮುಟ್ಟಬೇಡಿ, ಅದರ ಜಿಡ್ಡಿದ್ದ ಕಡೆ ಪೇಂಟ್ ಕೂರದೆ ಗುಳಿ ಗುಳಿಯಾಗುತ್ತದೆ.

ಕಿಟಕಿ ಗಾಜು ಓಡುವ ಚಾನೆಲ್ ಬೇರೆ ಕಥೆ. ಅಲ್ಲಿ ಒಳಗೆ ವೆಲ್ವೆಟ್ಟಿನ ಹಾಗೆ ನವಿರು ಇರುತ್ತದೆ. ಗ್ರೀಸ್ ಹಾಕಿದರೆ ಧೂಳು ಹಿಡಿದು ಗಾಜು ಮೇಲೇಳುವುದೇ ಕಷ್ಟ. ಹಳೆಯ ಟೂತ್ ಬ್ರಷ್ಷಿನಲ್ಲಿ ಧೂಳು ತೆಗೆದು, ಸಿಲಿಕೋನ್ ಮುಟ್ಟಿಸಿದ ಹಾಗೆ ಹಚ್ಚಿದರೆ ಸಾಕು. ಬಾಗಿಲಿನ ಕಬ್ಬಿಣದ ಕೀಲು ಕಿರುಗುಟ್ಟಿದರೆ ಮಾತ್ರ ಗ್ರೀಸ್.

ಅದೇ ಹೊತ್ತಿಗೆ ಬಗ್ಗಿ ಬಾಗಿಲಿನ ಕೆಳ ಅಂಚು ನೋಡಿ. ಸಣ್ಣ ಸಣ್ಣ ತೂತುಗಳಿರುತ್ತವೆ, ಗಾಜಿನ ಸಂದಿಯಿಂದ ಇಳಿದ ಮಳೆ ನೀರು ಅಲ್ಲಿಂದ ಹೋಗಬೇಕು. ಮಣ್ಣು ಮುಚ್ಚಿದ್ದರೆ ನೀರು ಒಳಗೇ ನಿಂತು ಬಾಗಿಲು ತುಕ್ಕು ಹಿಡಿಯುತ್ತದೆ. ತೆಂಗಿನ ಗರಿಯ ಕಡ್ಡಿಯೊಂದು ಸಾಕು, ಚುಚ್ಚಿ ಬಿಡಿಸಿ.

ಬೀಡಿಂಗ್ ಹರಿದಿದ್ದರೆ ಅಥವಾ ಚಪ್ಪಟೆಯಾಗಿದ್ದರೆ ಯಾವ ಸ್ಪ್ರೇಯೂ ಉಪಯೋಗವಿಲ್ಲ, ಬದಲಾಯಿಸಲೇಬೇಕು. ತಿಳಿಯುವುದು ಹೇಗೆ ಅಂದರೆ ನಿಮ್ಮ ಪತ್ರಿಕೆಯದೇ ಒಂದು ಪಟ್ಟಿ ಹರಿದು, ರಬ್ಬರಿನ ಮೇಲೆ ಇಟ್ಟು ಬಾಗಿಲು ಹಾಕಿ ಎಳೆದು ನೋಡಿ. ಬಿಗಿಯಾಗಿ ಬಂದರೆ ಸರಿ ಇದೆ. ಸುಲಭವಾಗಿ ಜಾರಿ ಬಂದರೆ ಅಲ್ಲಿ ಗಾಳಿ, ಧೂಳು, ನೀರು ಮೂರೂ ಒಳಗೆ ಬರುತ್ತಿದೆ. ಕೆಲವು ಸಲ ರಬ್ಬರು ಚೆನ್ನಾಗಿಯೇ ಇರುತ್ತದೆ, ಅಂಚಿನಿಂದ ಕಿತ್ತು ಬಂದಿರುತ್ತದೆ ಅಷ್ಟೇ. ಅಂಗೈಯಲ್ಲಿ ಒತ್ತಿ ಕೂರಿಸಿದರೆ ಸರಿಹೋಗುತ್ತದೆ.

ನಾನು ಈಗ ಮೂರು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಈ ಕೆಲಸ ಮಾಡುತ್ತೇನೆ. ತೊಳೆಯುವುದೂ ಸೇರಿ ಮುಕ್ಕಾಲು ಗಂಟೆ. ತುಮಕೂರಿಗೆ ಹೋಗಿ ಬರುವ ದಾರಿಯಲ್ಲಿ ಅಮ್ಮ ಈಗ ನಿದ್ದೆ ಮಾಡುತ್ತಾರೆ.

ನಿಮ್ಮಲ್ಲಿ ಒಂದು ಬೇಡಿಕೆ. ಹೊಸ ಕಾರುಗಳ ಬೆಲೆ, ಮೈಲೇಜು ಬರೆಯುತ್ತೀರಿ, ಓದುತ್ತೇವೆ. ನಮ್ಮ ಜಿಲ್ಲೆಯಲ್ಲಿ ಹಳೆಯ ಕಾರು ಕೊಂಡು ಓಡಿಸುವವರು ತುಂಬಾ ಜನ ಇದ್ದಾರೆ. ಹಳೆಯ ಗಾಡಿಯನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ ಅಂತ ವಾರಕ್ಕೊಂದು ಸಣ್ಣ ಅಂಕಣ ಕನ್ನಡದಲ್ಲಿ ಕೊಡಿ. ವಾಟರ್ ಸರ್ವಿಸ್ ನಡೆಸುವ ಅಣ್ಣಂದಿರೇ, ನಿಮಗೂ ಒಂದು ಮಾತು. ಆ ಡೀಸೆಲ್ ಬಟ್ಟೆಯ ಪಕ್ಕದಲ್ಲಿ ಒಂದು ಸಿಲಿಕೋನ್ ಡಬ್ಬಿ ಇಟ್ಟುಕೊಳ್ಳಿ. ಅದಕ್ಕೆ ಬೇರೆ ಐವತ್ತು ರೂಪಾಯಿ ಕೇಳಿ, ಕೊಡುತ್ತೇವೆ.

ಇಂತಿ,
ನಿಮ್ಮ ಓದುಗ
ತಿಪಟೂರು, ತುಮಕೂರು ಜಿಲ್ಲೆ