ಆ ಉಲ್ಲನ್ ದಾರದ ತುದಿ ನನ್ನ ಕೈಯಲ್ಲಿತ್ತು

ತುಮಕೂರು
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ಹೋದ ವಾರ ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಮಾತಾಡಲಿಲ್ಲ. ನಿನ್ನ ಮಗಳು ಸ್ಕೂಲಿನ ಇನ್ನೂರು ಮೀಟರ್ ಓಟದಲ್ಲಿ ಕೂದಲೆಳೆಯಷ್ಟರಲ್ಲಿ ಎರಡನೆಯವಳಾದಳು, ಊಟ ಬಿಟ್ಟು ಮಲಗಿದಳು ಅಂದೆ ನೀನು. 'ಇದೆಲ್ಲ ಹೀಗೇ ಮಗಳೇ, ಯಾರು ಫಸ್ಟ್ ಅಂತ ಮೊದಲೇ ಬರೆದಿಟ್ಟಿರ್ತಾರೆ' ಅಂತ ಅವಳಿಗೆ ಹೇಳಿದೆ ಅಂತಲೂ ನೀನೇ ಅಂದೆ. ಅದನ್ನು ಕೇಳಿ ನನ್ನ ಗಂಟಲು ಕಟ್ಟಿತು. ಅದು ಅವಳ ಓಟದ ಮಾತಲ್ಲ, ನಿನ್ನ ಓಟದ ಮಾತು. ಅಷ್ಟು ವರ್ಷದಿಂದ ನೀನು ಒಳಗೆ ಇಟ್ಟುಕೊಂಡಿದ್ದು ಅವಳ ತಟ್ಟೆಗೆ ಬಿತ್ತು ಅನ್ನಿಸಿತು.

ಫೋನಿನಲ್ಲಿ ಹೇಳೋಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದುವ ಕಡೆಯೇ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ವಾಚ್ ಹಿಡಿದು ಮಕ್ಕಳ ಓಟ ಅಳೆಯುವ ನನ್ನಂಥ ಪಿಟಿ ಮೇಷ್ಟ್ರುಗಳೂ ಇದನ್ನು ಓದಲಿ ಅಂತ ಆಸೆ.

ಈಚೆಗೆ ರಾತ್ರಿ ಹೊತ್ತು ನಾನು ಲ್ಯೂಜ್ ಅನ್ನೋ ಆಟದ ಹಳೇ ರೇಸುಗಳನ್ನು ನೋಡುತ್ತಾ ಕೂರುತ್ತೇನೆ. ಮಂಜುಗಡ್ಡೆಯ ಕಾಲುವೆಯಂಥ ದಾರಿ. ಒಂದು ಕಿಲೋಮೀಟರಿಗಿಂತ ಜಾಸ್ತಿ ಉದ್ದ, ಹದಿನೈದು ಹದಿನಾರು ತಿರುವು. ಪುಟ್ಟ ಸ್ಲೆಡ್ ಮೇಲೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿ ಇಳಿಯಬೇಕು. ವೇಗ ಗಂಟೆಗೆ 120, 130 ಕಿಲೋಮೀಟರ್ ದಾಟುತ್ತದೆ. ಬ್ರೇಕ್ ಇಲ್ಲ, ಸ್ಟೀರಿಂಗ್ ಇಲ್ಲ. ಸ್ಲೆಡ್ಡಿನ ಎರಡು ಬಾಗಿದ ಪಟ್ಟಿಗಳನ್ನು ಮೀನಖಂಡದಿಂದ ಒತ್ತಿ, ಭುಜದ ಭಾರವನ್ನು ಅತ್ತ ಇತ್ತ ಹಾಕಿ ತಿರುಗಿಸಬೇಕು. ದಾರಿ ನೋಡೋಣ ಅಂತ ತಲೆ ಎತ್ತಿದರೆ ಗಾಳಿ ಹಿಡಿದು ನಿಧಾನವಾಗುತ್ತದೆ. ಹಾಗಾಗಿ ದಾರಿಯನ್ನು ಮೈಯಲ್ಲೇ ನೆನಪಿಟ್ಟುಕೊಂಡಿರಬೇಕು.

ಮೊದಲ ಸಲ ನೋಡಿದಾಗಲೇ ನೀನು ನೆನಪಾದೆ. ದೇವರಾಯನದುರ್ಗದ ಕಡೆ ನಮ್ಮೂರ ಹಿಂದಿನ ಇಳಿಜಾರು ಬಂಡೆ, ಕೆರೆ ಕೆಳಗಿನ ತೋಟದಿಂದ ಎಳೆದುತಂದ ಅಡಿಕೆ ಪಟ್ಟೆ. ನಾವೆಲ್ಲ ಪಟ್ಟೆ ಮೇಲೆ ಕುಕ್ಕರುಗಾಲಲ್ಲಿ ಕೂತು ಜಾರುತ್ತಿದ್ದೆವು. ನೀನೊಬ್ಬನೇ ಅಂಗಾತ ಮಲಗುತ್ತಿದ್ದೆ. ಹಿಮ್ಮಡಿ ಒತ್ತಿ ತಿರುಗಿಸಿ, ನಮಗಿಂತ ಮೊದಲು ಕೆಳಗಿನ ಹೊಂಗೆ ಮರದ ಬುಡಕ್ಕೆ ತಲುಪುತ್ತಿದ್ದೆ. ನಿನಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಿನ್ನ ಮೈಗೇ ಗೊತ್ತಿತ್ತು. ಮೊಣಕೈ ತರಚಿಕೊಂಡು ಮನೆಗೆ ಹೋದರೆ ನಿಮ್ಮಮ್ಮ ನನಗೂ ಸೇರಿಸಿ ಬೈಯುತ್ತಿದ್ದರು.

ಈ ಆಟದ ರಿಸಲ್ಟ್ ಪಟ್ಟಿ ನೋಡಬೇಕು ನೀನು. 2018ರ ಫೆಬ್ರವರಿ, ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್. ಗಂಡಸರ ಸಿಂಗಲ್ಸ್. ನಾಲ್ಕು ಸಲ ಇಳಿಯಬೇಕು, ನಾಲ್ಕರ ಸಮಯವನ್ನೂ ಕೂಡಿಸುತ್ತಾರೆ. ಜರ್ಮನಿಯ ಫೆಲಿಕ್ಸ್ ಲೋಖ್ 2010ರಲ್ಲೂ 2014ರಲ್ಲೂ ಚಿನ್ನ ಗೆದ್ದವನು. ಮೂರು ಸಲ ಇಳಿದ ಮೇಲೂ ಅವನೇ ಮುಂದೆ. ಕೊನೆಯ ಸಲ ಒಂಬತ್ತನೇ ತಿರುವಿನಲ್ಲಿ ಸ್ಲೆಡ್ ಒಂದು ಚೂರು ಅಡ್ಡ ತಿರುಗಿತು. ಅಷ್ಟೇ. ಬೀಳಲಿಲ್ಲ, ಗೋಡೆಗೆ ಅಪ್ಪಳಿಸಲಿಲ್ಲ. ಕೆಳಗೆ ಬರುವಷ್ಟರಲ್ಲಿ ಐದನೇ ಜಾಗ. ಅವನ ಕೋಚ್ ಯಾರು ಗೊತ್ತಾ? ಅವನ ಅಪ್ಪನೇ. ಆ ಅಪ್ಪ ಅವತ್ತು ರಾತ್ರಿ ಮಗನಿಗೆ ಏನು ಹೇಳಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಚಿನ್ನ ಆಸ್ಟ್ರಿಯಾದ ಡೇವಿಡ್ ಗ್ಲೈರ್ಷರ್‌ಗೆ ಹೋಯಿತು. ಅದಕ್ಕೆ ಮುಂಚೆ ವಿಶ್ವಕಪ್ ರೇಸಿನಲ್ಲಿ ಒಂದು ಸಲವೂ ಮೊದಲ ಮೂರರಲ್ಲಿ ನಿಂತವನಲ್ಲ ಅವನು. ಬೆಳ್ಳಿ ಅಮೆರಿಕದ ಕ್ರಿಸ್ ಮಾಜ್ಡರ್‌ಗೆ. ಇಬ್ಬರ ನಡುವಿನ ಅಂತರ 0.026 ಸೆಕೆಂಡ್. ಕಣ್ಣು ಮಿಟುಕಿಸೋಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

ಇದಕ್ಕಿಂತ ಬಿಗಿಯಾದದ್ದೂ ಇದೆ. 1998ರಲ್ಲಿ ಜಪಾನಿನ ನಗಾನೊದಲ್ಲಿ, ಹೆಂಗಸರ ಸಿಂಗಲ್ಸ್. ಇಬ್ಬರೂ ಜರ್ಮನಿಯವರೇ. ಸಿಲ್ಕೆ ಕ್ರೌಸ್‌ಹಾರ್ 3 ನಿಮಿಷ 23.779 ಸೆಕೆಂಡ್. ಬಾರ್ಬರಾ ನೀಡರ್ನ್‌ಹೂಬರ್ 3 ನಿಮಿಷ 23.781. ನಾಲ್ಕು ಸಲ ಇಳಿದು, ನಾಲ್ಕೂ ಕೂಡಿಸಿದ ಮೇಲೆ ಉಳಿದದ್ದು ಸೆಕೆಂಡಿನ ಸಾವಿರ ಪಾಲಿನಲ್ಲಿ ಎರಡು ಪಾಲು. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ವೇಗ ಗಂಟೆಗೆ 100 ಕಿಲೋಮೀಟರ್ ಅಂತ ಇಟ್ಟುಕೊಂಡರೆ, ಅಷ್ಟು ಹೊತ್ತಿನಲ್ಲಿ ಸ್ಲೆಡ್ ಸಾಗುವುದು ಐದೂವರೆ ಸೆಂಟಿಮೀಟರ್. ಮೂರು ಬೆರಳಿನ ಅಗಲ. ಮೂರು ಬೆರಳು ಹಿಂದೆ ಬಿದ್ದವಳು ಬೆಳ್ಳಿ ಹಾಕಿಕೊಂಡು ಮನೆಗೆ ಹೋದಳು.

ಆದರೆ ಆ ಮೂರು ಬೆರಳು ನಿಜ ಅಂತ ಅವಳಿಗೆ ಗೊತ್ತಿತ್ತು. ನನಗೆ ಮುಖ್ಯ ಅನ್ನಿಸೋದು ಇದೇ. ಶುರುವಿನಲ್ಲೂ ಕೊನೆಯಲ್ಲೂ ದಾರಿಗೆ ಅಡ್ಡಲಾಗಿ ಒಂದು ಬೆಳಕಿನ ಗೆರೆ ಇರುತ್ತದೆ. ಸ್ಲೆಡ್ ಆ ಬೆಳಕನ್ನು ಕತ್ತರಿಸಿದ ಕ್ಷಣ ಗಡಿಯಾರ ಓಡುತ್ತದೆ, ಇನ್ನೊಮ್ಮೆ ಕತ್ತರಿಸಿದಾಗ ನಿಲ್ಲುತ್ತದೆ. ನಡುವೆ ಯಾರ ಕಣ್ಣೂ ಇಲ್ಲ, ಯಾರ ಬೆರಳೂ ಇಲ್ಲ.

ನಮ್ಮ ಮೈದಾನದಲ್ಲಿ ಏನಿತ್ತು ಹೇಳು? ಓಟ ಶುರು ಮಾಡಲು ಬಡಿಯುವ ಎರಡು ಹಲಗೆಯ ಕ್ಲ್ಯಾಪರ್, ಸುಣ್ಣದ ಗೆರೆ, ಕೊನೆಯ ಗೆರೆಗೆ ಅಡ್ಡ ಹಿಡಿಯುವ ಉಲ್ಲನ್ ದಾರ, ಒಂದೋ ಎರಡೋ ಸ್ಟಾಪ್‌ವಾಚ್. ನಾನು ಈ ಕೆಲಸಕ್ಕೆ ಬಂದ ಮೇಲೆ ಕಲಿತ ಮೊದಲ ಪಾಠ, ಸದ್ದು ಕೇಳಿ ವಾಚ್ ಒತ್ತಬಾರದು, ಹಲಗೆ ಕೂಡುವುದನ್ನು ನೋಡಿ ಒತ್ತಬೇಕು ಅನ್ನೋದು. ನೂರು ಮೀಟರ್ ಆಚೆಯ ಸದ್ದು ಕಿವಿಗೆ ಬರೋಕೆ ಸುಮಾರು 0.3 ಸೆಕೆಂಡ್ ಬೇಕು. ನೋಡಿದ ಮೇಲೂ ಬೆರಳು ಒತ್ತೋಕೆ 0.2 ಸೆಕೆಂಡ್ ಹತ್ತಿರ ಹಿಡಿಯುತ್ತದೆ. ಚೆನ್ನಾಗಿ ಓಡುವ ಹುಡುಗ ಅಷ್ಟರಲ್ಲಿ ಒಂದೂವರೆ ಮೀಟರ್ ಮುಂದೆ ಹೋಗಿರುತ್ತಾನೆ. ಮೂರು ಬೆರಳು ಅಳೆಯುವ ಮಾತು ಎಲ್ಲಿ ಬಂತು!

ಈಗ ಆ ದಿನದ ವಿಷಯ.

ನಾವು ಒಂಬತ್ತನೇ ಕ್ಲಾಸು. ಇನ್ನೂರು ಮೀಟರ್ ಫೈನಲ್. ಮೊದಲು ಬಂದವನನ್ನಷ್ಟೇ ಮುಂದಿನ ಹಂತಕ್ಕೆ ಕಳಿಸುತ್ತೇವೆ ಅಂದಿದ್ದರು. ನಾನು ವಾಲಂಟಿಯರ್, ಎದೆಗೆ ಕಾಗದದ ಬ್ಯಾಡ್ಜ್. ಉಲ್ಲನ್ ದಾರದ ಒಂದು ತುದಿ ನನ್ನ ಕೈಯಲ್ಲಿತ್ತು. ನೀನು ಮತ್ತು ಆ ಇನ್ನೊಂದು ಸ್ಕೂಲಿನ ಹುಡುಗ ಪಕ್ಕಪಕ್ಕದಲ್ಲಿ ಬಂದಿರಿ. ಕಣ್ಣಲ್ಲಿ ಏನು ಕಂಡೆನೋ ಅದನ್ನು ನಾನು ಪ್ರಮಾಣ ಮಾಡಿ ಹೇಳಲಾರೆ. ಕೈ ಹೇಳಿದ್ದನ್ನು ಮಾತ್ರ ಹೇಳಬಲ್ಲೆ. ದಾರ ನನ್ನ ಬೆರಳಿನಿಂದ ಜಗ್ಗಿದ್ದು ಒಂದೇ ಸಲ, ಗೆಳೆಯಾ. ಎರಡು ಸಲ ಅಲ್ಲ. ಬಿಟ್ಟ ದಾರ ನಿಮ್ಮಿಬ್ಬರ ಎದೆಗೂ ಸುತ್ತಿಕೊಂಡಿತ್ತು.

ದೊಡ್ಡವರು ಒಂದು ನಿಮಿಷ ಮಾತಾಡಿಕೊಂಡರು. ಆಮೇಲೆ ಅವನ ಭುಜ ಮುಟ್ಟಿ 'ಫಸ್ಟ್' ಅಂದರು. ನಿನ್ನ ಮುಖ ನೋಡಿದೆ. ದಾರದ ಹುಡುಗನನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ನಾನು ಹೇಳಬಹುದಿತ್ತು. ಹೇಳಲಿಲ್ಲ. ಹೆದರಿಕೆ ಆಯಿತು. ನೀನು ಆಮೇಲೆ ಓಡುವುದನ್ನೇ ಬಿಟ್ಟೆ. ನಾನು ಈ ಕೆಲಸ ಹಿಡಿದದ್ದಕ್ಕೆ ಆ ದಾರವೂ ಒಂದು ಕಾರಣ. ಇದನ್ನು ನಿನಗೆ ಇಷ್ಟು ವರ್ಷ ಹೇಳದೆ ಇದ್ದದ್ದು ತಪ್ಪು. ಕ್ಷಮಿಸು.

ಆದರೆ ಅದು ಮೋಸ ಆಗಿರಲಿಲ್ಲ ಅಂತ ಈಗ ನನಗೆ ಅನ್ನಿಸುತ್ತದೆ, ಸಮಾಧಾನಕ್ಕೆ ಹೇಳುತ್ತಿಲ್ಲ. ತೀರ್ಪು ಕೊಟ್ಟವರು ಗೆರೆಯ ನೇರಕ್ಕೆ ನಿಂತಿರಲಿಲ್ಲ. ಎರಡು ಹೆಜ್ಜೆ ಈಚೆಗೆ, ನೀವು ಓಡಿಬರುವ ಕಡೆಗೆ ನಿಂತಿದ್ದರು. ಅಲ್ಲಿಂದ ಓರೆಯಾಗಿ ನೋಡಿದರೆ ಹತ್ತಿರದ ಲೇನಿನವನು ಯಾವಾಗಲೂ ಸ್ವಲ್ಪ ಮುಂದೆ ಕಾಣುತ್ತಾನೆ. ಅವನು ಹತ್ತಿರದ ಲೇನು, ನೀನು ಆಚೆಯದು. ಅವರು ಕಂಡದ್ದನ್ನೇ ಹೇಳಿದರು. ನಿಂತ ಜಾಗ ತಪ್ಪಾಗಿತ್ತು. ಇದನ್ನು ನಮ್ಮ ಸ್ಕೂಲಿನ ಮೈದಾನದಲ್ಲಿ ಎರಡು ಕೋಲು ನೆಟ್ಟು ನಾನೇ ನೋಡಿದ್ದೇನೆ.

ಮತ್ತೆ, ಸಮ ಅಂತ ಬರೆಯಬಹುದಿತ್ತು. ಅದೇನು ಅವಮಾನದ ಮಾತಲ್ಲ. 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಲ್ಯೂಜ್ ಡಬಲ್ಸ್, ಅಂದರೆ ಒಂದೇ ಸ್ಲೆಡ್ ಮೇಲೆ ಇಬ್ಬರು. ಮೊದಲ ಸಲ ಇಳಿದಾಗ ಇಟಲಿಯ ಹಿಲ್ಡ್‌ಗಾರ್ಟ್ನರ್ ಮತ್ತು ಪ್ಲೈಕ್ನರ್ ಜೋಡಿ ಮುಂದಿತ್ತು. ಆದರೆ ಶುರುವಿನ ಗೇಟು ಕೆಟ್ಟಿತ್ತು ಅಂತ ಆ ಸುತ್ತನ್ನೇ ರದ್ದು ಮಾಡಿದರು. ಇಟಲಿಯವರು ತಕರಾರು ಮಾಡಿದರು, ನಡೆಯಲಿಲ್ಲ. ಮತ್ತೆ ಇಳಿಸಿದರು. ಎಲ್ಲ ಮುಗಿದ ಮೇಲೆ ನೋಡಿದರೆ ಅವರದ್ದೂ ಪೂರ್ವ ಜರ್ಮನಿಯ ಜೋಡಿಯದ್ದೂ 1 ನಿಮಿಷ 28.35 ಸೆಕೆಂಡ್. ಎರಡೂ ಜೋಡಿಗೆ ಚಿನ್ನ ಹಾಕಿದರು! ಇದೆಲ್ಲ ಆದ ಮೇಲೆ ಈ ಆಟದಲ್ಲಿ ಸೆಕೆಂಡನ್ನು ಸಾವಿರ ಪಾಲು ಮಾಡಿ ಅಳೆಯುವುದು ಬಂತು. ಬಾಬ್‌ಸ್ಲೆಡ್‌ನಲ್ಲಿ ಇವತ್ತಿಗೂ ನೂರು ಪಾಲೇ.

ನಮ್ಮ ಸ್ಕೂಲಿಗೆ ಬೆಳಕಿನ ಗೆರೆ ತರುವಷ್ಟು ದುಡ್ಡಿಲ್ಲ. ಅದಕ್ಕೇ ನಾನು ಸ್ಟೂಲು ಹಾಕಿಕೊಂಡು ಸರಿಯಾಗಿ ಗೆರೆಯ ನೇರಕ್ಕೆ ಕೂರುತ್ತೇನೆ. ಫೋನನ್ನು ಇಟ್ಟಿಗೆಗೆ ಒರಗಿಸಿ ಸ್ಲೋ ಮೋಷನ್‌ನಲ್ಲಿ ಬಿಡುತ್ತೇನೆ, ಸೆಕೆಂಡಿಗೆ 240 ಚಿತ್ರ. ಹೋದ ವರ್ಷ ಇಬ್ಬರು ಹುಡುಗಿಯರು ಒಂದೇ ಚಿತ್ರದಲ್ಲಿ ಗೆರೆ ದಾಟಿದ್ದರು. ಫಾರಂನಲ್ಲಿ ಫಸ್ಟ್ ಅನ್ನೋದಕ್ಕೆ ಒಂದೇ ಸಾಲಿತ್ತು. ಆ ಒಂದೇ ಸಾಲಿನಲ್ಲಿ ಎರಡು ಹೆಸರು ಬರೆದೆ, ಸಣ್ಣ ಅಕ್ಷರದಲ್ಲಿ. ಯಾರೋ ಇದೆಲ್ಲ ಯಾಕೆ ಮೇಷ್ಟ್ರೇ ಅಂದರು. ನಾನು ಫೋನ್ ತೋರಿಸಿದೆ.

ಮಗಳಿಗೆ ಇನ್ನೊಬ್ಬನ ವಿಷಯ ಹೇಳು. ಹೇಳಲೇಬೇಕು. ಆ ನಗಾನೊ ಒಲಿಂಪಿಕ್ಸ್‌ನಲ್ಲೇ, ಗಂಡಸರ ಲ್ಯೂಜ್ ಪಟ್ಟಿಯ 28ನೇ ಸಾಲಿನಲ್ಲಿ ಭಾರತದ ಹೆಸರಿದೆ. ಶಿವ ಕೇಶವನ್, ಆಗ ಹದಿನಾರು ವರ್ಷದ ಹುಡುಗ. ಮನಾಲಿ ಹತ್ತಿರದ ವಶಿಷ್ಠ ಅನ್ನೋ ಹಳ್ಳಿಯವನು, ಅಪ್ಪ ಕೇರಳದವರು, ಅಮ್ಮ ಇಟಲಿಯವರು. ನಮ್ಮ ದೇಶದಲ್ಲಿ ಇದಕ್ಕೆ ಒಂದು ಟ್ರ್ಯಾಕೂ ಇಲ್ಲ. ಸ್ಲೆಡ್‌ಗೆ ಚಕ್ರ ಕಟ್ಟಿಕೊಂಡು ಹಿಮಾಲಯದ ಡಾಂಬರು ರಸ್ತೆಯಲ್ಲಿ, ಲಾರಿ ಕಾರುಗಳ ನಡುವೆ ಇಳಿದು ಅಭ್ಯಾಸ ಮಾಡಿದವನು. ಆ ವಿಡಿಯೋ ನೋಡಿದಾಗ ನನಗೆ ನಮ್ಮ ಬಂಡೆ, ಪಟ್ಟೆ, ನೀನು, ಎಲ್ಲ ಒಟ್ಟಿಗೇ ಕಣ್ಮುಂದೆ ಬಂತು.

ಆರು ಒಲಿಂಪಿಕ್ಸ್ ಆಡಿದ ಅವನು. 2014ರಲ್ಲಿ ರಷ್ಯಾದ ಸೋಚಿಯಲ್ಲಿ ನಮ್ಮ ಒಲಿಂಪಿಕ್ ಸಂಸ್ಥೆಯ ಮೇಲೆ ನಿಷೇಧ ಇತ್ತು. ಹಾಗಾಗಿ ಅವನ ಹೆಸರಿನ ಪಕ್ಕ ದೇಶದ ಹೆಸರೇ ಇಲ್ಲ, ಒಲಿಂಪಿಕ್ ಬಾವುಟದ ಕೆಳಗೆ ಇಳಿದ. ಅಲ್ಲಿ ಅಭ್ಯಾಸ ಮಾಡುವಾಗ ಒಂದು ಸಲ ಸ್ಲೆಡ್‌ನಿಂದ ಜಾರಿ ಬಿದ್ದ. ಬಿದ್ದವನು ಜಾರುತ್ತಾ ಇರುವಾಗಲೇ ಸ್ಲೆಡ್ ಹಿಡಿದು, ಮತ್ತೆ ಅದರ ಮೇಲೆ ಹತ್ತಿ ಮಲಗಿ ಕೆಳಗೆ ಬಂದ! ಹುಡುಕಿ ನೋಡಿ, ಇಬ್ಬರೂ ಕೂತು ನೋಡಿ. 2018ರಲ್ಲಿ ಕೊನೆಯ ಸಲ ಇಳಿದಾಗ 34ನೇ ಜಾಗ. ಒಲಿಂಪಿಕ್ಸ್ ಪದಕ ಒಂದೂ ಇಲ್ಲ. ಆದರೆ ಅದೇ ನಗಾನೊ ಟ್ರ್ಯಾಕಿನಲ್ಲಿ 2011ರಲ್ಲಿ ಏಷ್ಯಾ ಕಪ್ ಚಿನ್ನ ಅವನದು. ಹದಿನಾರರಲ್ಲಿ 28ನೆಯವನಾದ ಜಾಗದಲ್ಲೇ ಹದಿಮೂರು ವರ್ಷ ಆದ ಮೇಲೆ ಮೊದಲನೆಯವನು. 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು.

ಅವಳಿಗೆ ಯಾರು ಫಸ್ಟ್ ಅಂತ ಮೊದಲೇ ಬರೆದಿಟ್ಟಿರ್ತಾರೆ ಅನ್ನಬೇಡ ಕಣೋ. ಎಷ್ಟರಲ್ಲಿ ಹಿಂದೆ ಬಿದ್ದಳು ಅಂತ ಕೇಳು. ಅಳೆದವರು ಎಲ್ಲಿ ನಿಂತಿದ್ದರು ಅಂತಲೂ ಕೇಳು, ಗೌರವದಿಂದಲೇ ಕೇಳು. ತಿರುವಿನಲ್ಲಿ ಒಳಗಿನ ಗೆರೆ ಬಿಟ್ಟು ಹೊರಗೆ ಸರಿಯುತ್ತಾಳಾ ನೋಡು. ಇನ್ನೂರು ಮೀಟರಿನಲ್ಲಿ ಮಕ್ಕಳು ಕಳೆದುಕೊಳ್ಳುವುದು ಜಾಸ್ತಿ ಅಲ್ಲೇ.

ಮುಂದಿನ ಭಾನುವಾರ ಅವಳನ್ನು ಕರೆದುಕೊಂಡು ಬಾ. ಬೆಳಿಗ್ಗೆ ಆರೂವರೆಗೆ ನಮ್ಮ ಸ್ಕೂಲ್ ಮೈದಾನಕ್ಕೆ, ಬಿಸಿಲು ಏರುವ ಮುಂಚೆ. ಸುಣ್ಣದ ಗೆರೆ ಶನಿವಾರ ಸಂಜೆಯೇ ಹಾಕಿಸಿರುತ್ತೇನೆ. ನೀನು ಅವಳ ಪಕ್ಕದ ಲೇನಿನಲ್ಲಿ ಓಡು. ಫೋನ್ ಇಡಲು ಇಟ್ಟಿಗೆ ಇದೆ, ದಾರ ಹಿಡಿಯಲು ನಾನಿದ್ದೇನೆ. ತಿಂಡಿ ನಮ್ಮ ಮನೆಯಲ್ಲಿ. ಮಧ್ಯಾಹ್ನ ಊರಿಗೆ ಹೋಗಿ ಬಂಡೆ ತೋರಿಸೋಣ ಅವಳಿಗೆ. ತೋಟದವರಿಗೆ ಹೇಳಿದ್ದೇನೆ, ಚೆನ್ನಾಗಿ ಒಣಗಿದ ಪಟ್ಟೆ ಮೂರು ತೆಗೆದಿಟ್ಟಿರುತ್ತಾರೆ.

ನಿನ್ನ
ದಾರದ ಹುಡುಗ